ಅಕ್ಕನ ಅಪ್ಪಣೆ

ಎರಡನೇ ಮದುವೆಯಾದ ವಿಧುರನಿಗೆ ಒಬ್ಬಳೇ ಹೆಂಡತಿ ಎಂದು ತಿಳಿದವರು ಹರದನಹಳ್ಳಿಯ ನಮ್ಮ ಮನೆಗೆ ಬಂದು ನೋಡಬೇಕು. ಮೊದಲ ಹೆಂಡತಿ ಮಂಗಮ್ಮ ತೀರಿಕೊಂಡು ಮೂರು ವರ್ಷದ ಮೇಲೆ, ಚಾಮರಾಜನಗರ ಜಿಲ್ಲೆಯಾದ ವರ್ಷ, ಭೀಮನಬೀಡಿನ ಶಿವಲಕ್ಷ್ಮಿಯ ಕೈಹಿಡಿದೆ. ಹಿರಿಯರ ಕಟ್ಟಳೆಯಂತೆ ಅವಳ ತಾಳಿಯ ಪಕ್ಕ ಮಂಗಮ್ಮನ ಹೆಸರಿನ ಚಿನ್ನದ ಬಿಲ್ಲೆಯೊಂದು ಸೇರಿತು. ಅದನ್ನು ದಿನಾ 'ಅಕ್ಕ' ಎಂದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ನನ್ನ ಮಾತು ಕಸಕ್ಕೆ ಸಮ. ಅಕ್ಕನ ಇಷ್ಟವೆಂದರೆ ರಾಜಾಜ್ಞೆ.

"ಅಕ್ಕ ನಿಮ್ಮನ್ನ ಎಂಗ್ ನೋಡ್ಕತಿದ್ರು ಯೋಳಿ. ನಾನೂ ಅಂಗೇ ನೋಡ್ಕತೀನಿ" ಎಂದಳು ಒಂದು ದಿನ.

ನನಗೆ ಥಟ್ಟನೆ ಹೊಳೆಯಿತು. "ಅವ್ಳಾ? ಕುಂತಲ್ಲಿಗೇ ಕಾಫಿ! ಭಾನುವಾರ ಕೋಳಿಸಾರು, ತೊಡೆ ಪೂರಾ ನಂಗೆ. ಒಂದು ಕಡ್ಡಿ ಎತ್ತಕ್ಕೂ ಬುಡ್ತಿರ್ಲಿಲ್ಲ ಕಣೆ." (ಸತ್ತವರು ಸಾಕ್ಷಿಗೆ ಬರುವುದಿಲ್ಲವೆಂಬ ಧೈರ್ಯ.)

ಆರು ತಿಂಗಳು ನಾನು ಚಕ್ರವರ್ತಿ. ಅಪಾಯವಿದ್ದದ್ದು ಚಂದಕವಾಡಿಯಲ್ಲಿ: ಮಂಗಮ್ಮ ಹೆತ್ತ ಹತ್ತು ವರ್ಷದ ಮಗಳು ಶಿವರಂಜಿನಿ ಅಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಅವಳನ್ನು ಕರೆತರಬೇಕು, ಅವಳಿಂದ 'ಅವ್ವ' ಎನ್ನಿಸಿಕೊಳ್ಳಬೇಕು ಎಂದು ಶಿವಲಕ್ಷ್ಮಿಯ ಜೀವ ಹಾತೊರೆಯುತ್ತಿತ್ತು. ನಾನೋ, "ಪರೀಕ್ಷೆ ಮುಗೀಲಿ", "ಮಳೆ ನಿಲ್ಲಲಿ" ಎಂದು ಮುಂದೂಡುತ್ತಿದ್ದೆ. ಹುಡುಗಿಗೆ ನೆನಪೂ ಚೆನ್ನಾಗಿತ್ತು, ನಾಲಿಗೆಯೂ ಚೆನ್ನಾಗಿತ್ತು.

ಕೊನೆಗೆ ನಾನು ತಾಲ್ಲೂಕು ಕಚೇರಿಯಲ್ಲಿ ಕಡತ ನೋಡುತ್ತಿದ್ದಾಗ, ಶಿವಲಕ್ಷ್ಮಿ ತಾನೇ ಬಸ್ಸು ಹತ್ತಿ ಹೋಗಿ ಕರೆತಂದಳು. ಸಂಜೆ ಮನೆಗೆ ಬಂದರೆ ಹುಡುಗಿ ಬಾಗಿಲಿಗೊರಗಿ ಮುಗುಮ್ಮಾಗಿ ನಿಂತಿದೆ. ನನ್ನ ಕೈಗೆ ಕಾಫಿ ಬಂದದ್ದು ಕಂಡು ಮಾತ್ರ ಬೆರಗಾಗಿ ಬಾಯಿಬಿಟ್ಟಿತು.

"ನೀವ್ಯಾಕೆ ಕಾಯ್ಸಿದ್ರಿ? ನಮ್ಮವ್ವ ಇದ್ದಾಗ ಅಪ್ಪನೇ ಕಾಯ್ಸ್ಕೊಡ್ತಿತ್ತು."

"ಇನ್ನೇನೇನ್ ಮಾಡ್ತಿದ್ರು, ಮಗ?"

"ನೀರು ಸೇದ್ತಿತ್ತು. ಬಟ್ಟೆ ಒಗೀತಿತ್ತು. ಕೋಳಿ ತೊಡೆ ನಂಗೇ ಇಕ್ತಿತ್ತು ಅವ್ವ."

"ಚಿಕ್ಕೋಳು, ಅವ್ಳಿಗೇನ್ ಗೊತ್ತು!" ಎಂದೆ. ಶಿವಲಕ್ಷ್ಮಿ ಆಗಲೇ ಬಿಲ್ಲೆ ಹಿಡಿದುಕೊಂಡಿದ್ದಳು. "ತಪ್ಪಾಯ್ತಕ್ಕ. ಗೊತ್ತಿಲ್ದೆ ನಿಮ್ ಪದ್ಧತಿ ಕೆಡಿಸ್ಬುಟ್ಟೆ."

ಮರುದಿನದಿಂದ ಪದ್ಧತಿ ಮೊದಲಿನಂತಾಯಿತು. ಮಗಳು ಮಾತ್ರ ಅವಳನ್ನು ಏನೆಂದೂ ಕರೆಯಲಿಲ್ಲ. ಶಿವಲಕ್ಷ್ಮಿ ಜಡೆ ಹಾಕಿದಳು, ತೊಡೆ ಬಡಿಸಿದಳು. ಹುಡುಗಿ ತಲೆಯಾಡಿಸಿತು, ಅಷ್ಟೆ.

ಭಾನುವಾರ ಹಿತ್ತಲಲ್ಲಿ ಒಗೆಯುತ್ತಿದ್ದೆ. ಶಿವರಂಜಿನಿ ಹಗ್ಗದ ಮೇಲಿದ್ದ ತನ್ನ ಲಂಗ ಮುಟ್ಟಿ ನೋಡಿ, ಒಳಕ್ಕೆ ತಿರುಗಿ ಕೂಗಿದಳು: "ಅವ್ವಾ!"

ಒಳಗೆ ಪಾತ್ರೆ ಬಿದ್ದ ಸದ್ದು. ಶಿವಲಕ್ಷ್ಮಿ ಓಡಿ ಬಂದಳು. ನಾನೂ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ನಿಂತೆ.

"ಅವ್ವಾ, ಅಪ್ಪ ಸೋಪು ಬುಡ್ಸೇ ಇಲ್ಲ ಕಣವ್ವ. ಇನ್ನೊಂದ್ಸಲ ಒಗ್ಸು."

"ಏನ್ ನೋಡ್ತಾ ನಿಂತಿದ್ದೀರಿ?" ಎಂದಳು ಶಿವಲಕ್ಷ್ಮಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಮಗ ಯೋಳ್ತಾವಳಲ್ಲ, ಒಗೀರಿ!"

ಒಗೆದೆ. ತಾಯಿ ಮಗಳು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ನಿಂತು ನೋಡಿದರು.