ಶೋಭಾಳ ಫೋನು, ನನ್ನ ಎಮ್ಯುಲೇಟರು

ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಹತ್ತು ನಿಮಿಷದ ಕೆಲಸಾ ಹತ್ತು ನಿಮಿಷದಾಗ ಮುಗೀತದ ಅಂತ ನಂಬಿದಾವ. ಆ ಐತವಾರ ಮುಂಜಾನೆನೂ ಹಂಗ ನಂಬಿದ್ದೆ.

ಆಗಿನ್ನೂ ಟಿಳಕವಾಡಿಯ ನಮ್ಮ ಓಣ್ಯಾಗ ಕಂಪ್ಯೂಟರ್ ಇದ್ದದ್ದು ನಮ್ಮ ಮನ್ಯಾಗಷ್ಟ. ಅದರಾಗ ನಾನು ಒಂದು ಎಮ್ಯುಲೇಟರ್ ಹಾಕಿದ್ದೆ. ಎಮ್ಯುಲೇಟರ್ ಅಂದ್ರ, ಹೊಸಾ ಕಂಪ್ಯೂಟರಿಗೆ 'ನೀನು ಹಳೇ ಕಂಪ್ಯೂಟರ್' ಅಂತ ನಂಬಿಸೋ ವಿದ್ಯಾ. ಅದನ್ನ ಚಾಲೂ ಮಾಡಿದ ಕೂಡಲೇ ಬಣ್ಣ ಹೋಗಿ, ಚಿತ್ರ ಹೋಗಿ, ಕರೇ ಪಡದೆ ಮ್ಯಾಲ ಬರೇ ಹಸರು ಅಕ್ಷರ ಉಳೀತಿದ್ವು.

"ಅಲ್ಲರೀ, ಹೊಸಾ ಸೀರಿ ತಂದು ತ್ಯಾಪಿ ಹಚ್ಚಿಧಂಗಾತಲ್ಲ ಇದು," ಅಂದ್ಲು ನನ್ನ ಹೆಂಡತಿ ವಿಮಲಾ.

ನನ್ನ ಸಂಕಟ ಆಕಿಗೇನು ಗೊತ್ತು? ನಾನು ನೌಕರಿಗೆ ಸೇರಿದ ಹೊಸತರಾಗ ನಮ್ಮ ಸಾಲಿಗೆ ಇಂಥಾದ ಒಂದು ಕಂಪ್ಯೂಟರ್ ಬಂದಿತ್ತು. ಅದಕ್ಕೊಂದು ಖೋಲಿ, ಖೋಲಿಗೊಂದು ಕೀಲಿ, ಬಾಗಿಲದಾಗ ಚಪ್ಪಲಿ ಬಿಡಬೇಕು. ಅದನ್ನ ಮುಟ್ಟೋ ಅಧಿಕಾರ ಹೆಡ್‌ಮಾಸ್ತರ್ರಿಗೆ ಮಾತ್ರ. ಹೆಡ್‌ಮಾಸ್ತರ್ರಿಗೆ ಮುಟ್ಟಾಕ ಹೆದರಿಕಿ. ಹಿಂಗಾಗಿ ಯಾರೂ ಮುಟ್ಟದನ ಅದು ಮುದುಕಾಗಿ, ಒಂದಿನ ಗುಜರಿಗೆ ಹೋತು. ಅದನ್ನ ಹೇರಿದ ಕೈಗಾಡಿ ಹಿಂದ ನಾನು ಓಣಿ ತುದಿತನಕ ನಡಕೋತ ಹೋಗಿದ್ದೆ.

ಈಗ ಅದು ಎಮ್ಯುಲೇಟರಿನ ರೂಪದಾಗ ನನ್ನ ಮನ್ಯಾಗ ಇತ್ತು, ಚಪ್ಪಲಿ ಹಾಕ್ಕೊಂಡ ಮುಟ್ಟಬಹುದಿತ್ತು. ಆದ್ರ ಮನುಷ್ಯಾಗ ಇದ್ದದ್ದು ಸಾಕಾಗಬೇಕಲ್ಲ. ಮುಪ್ಪಿನ ಕಾಲಕ್ಕ ಹಿರಿಯಾರಿಗೆ ಪಂಢರಪುರ ತೋರಿಸಿಧಂಗ, ಅದಕ್ಕೂ ಒಮ್ಮೆ ಇಂಟರ್ನೆಟ್ ತೋರಿಸಬೇಕಂತ ನನ್ನ ತಲ್ಯಾಗ ಹೊಕ್ತು. ನನ್ನ ಹಂತ್ಯಾಕ ಚಿತ್ರ ಬರಲಾರದ, ಬರೇ ಅಕ್ಷರ ಬರೋ ಸೋವಿ ಇಂಟರ್ನೆಟ್ ಖಾತೆ ಇತ್ತು. ಇಬ್ಬರದೂ ಜಾತಕ ಕೂಡಿಧಂಗ ಆತು.

ಇಂಟರ್ನೆಟ್ಟಿಗೆ ಫೋನ್ ಲೈನು ಬೇಕು, ಅದು ಮುಗಿಯೋತನಕ ಬ್ಯಾರೆ ಫೋನ್ ಬರಾಂಗಿಲ್ಲ. ನಮ್ಮ ಫೋನೋ, ನಮ್ಮೊಬ್ಬರದ ಆಗಿರಲಿಲ್ಲ. ಬಾಜೂ ಮನಿ ಕಮಲಾಬಾಯಿ ತಮ್ಮ ಬಳಗಕ್ಕೆಲ್ಲಾ ನಮ್ಮ ನಂಬರನ್ನ ಕೊಟ್ಟಿದ್ರು. ಅವರಿಗೆ ಫೋನ್ ಬಂದ್ರ ನಾವು ಗ್ವಾಡಿ ಬಡೀತಿದ್ವಿ, ಅವರು ಸೆರಗಿಗೆ ಕೈ ಒರಸ್ಕೋತ ಓಡಿ ಬರ್ತಿದ್ರು.

ಅವರ ಮಗಳು ಶೋಭಾ ಟೈಪಿಂಗ್ ಕ್ಲಾಸಿನ್ಯಾಗ ಕಲಸ್ತಿದ್ಲು. ಎಷ್ಟೋ ಗಂಡಿನವರು ಬಂದು ಅವಲಕ್ಕಿ ತಿಂದು ಹೋಗಿದ್ರು. ಹೋದ ವಾರ ಖಾನಾಪುರದಿಂದ ಬಂದ ಹುಡುಗ ಮಾತ್ರ ತಿಂದ ತಾಟು ತಾನ ಒಯ್ದು ಅಡಗಿ ಮನ್ಯಾಗ ಇಟ್ಟು ಬಂದಿದ್ದ. ಅವತ್ತಿನಿಂದ ಶೋಭಾ ಸುಮ್ಮ ಸುಮ್ಮನ ನಗತಿದ್ಲು. ಹುಡುಗನ ಅಪ್ಪ ಹೋಗೋ ಮುಂದ ಹೇಳಿದ್ರು, "ಐತವಾರ ಹನ್ನೆರಡರೊಳಗ ಫೋನ್ ಬಂದ್ರ ಒಪ್ಪಿಗಿ ಅಂತ ತಿಳೀರಿ. ಬರಲಿಲ್ಲಂದ್ರ ಬ್ಯಾರೆ ಕಡೆ ನೋಡ್ರಿ." ನಮ್ಮ ಕಡೆ ಹಿಂಗ. ಮುಖದ ಮ್ಯಾಲ ಯಾರೂ 'ಇಲ್ಲ' ಅನ್ನೂದಿಲ್ಲ, ಸುಮ್ಮನಿದ್ರ ಅದ 'ಇಲ್ಲ'.

"ಮಾಸ್ತರ, ಫೋನ್ ಕಾಯೋ ಜವಾಬ್ದಾರಿ ನಿಮ್ದು," ಅಂದಿದ್ರು ಕಮಲಾಬಾಯಿ.

"ನೀವು ನಿಶ್ಚಿಂತಿ ಇರ್ರಿ," ಅಂದಿದ್ದೆ.

ಐತವಾರ ಒಂಬತ್ತಾತು. ಇಷ್ಟು ಲಗೂನ ಯಾರು ಫೋನ್ ಮಾಡ್ತಾರ, ಹತ್ತು ನಿಮಿಷದಾಗ ಪಂಢರಪುರ ಮುಗಿಸೂಣು ಅಂತ ಕುಂತೆ. ಕಂಪ್ಯೂಟರನ್ನ ಫೋನ್ ಲೈನಿಗೆ ಜೋಡಿಸೋ ಡಬ್ಬಿ, ಮೊಡೆಮ್ಮು, ಒದರಿದ್ರ ವಿಮಲಾಗ ಕೇಳ್ತದಂತ ಮೊದಲ ಅದರ ಬಾಯಿ ಬಂದ್ ಮಾಡಿದೆ. ಅದರ ದೀಪ ಕಾಣಬಾರದಂತ ಆಕಿ ಹೆಣೆದಿದ್ದ ಕ್ರೋಶಾ ಬಟ್ಟಿ ಅದರ ಮ್ಯಾಲ ಹೊಚ್ಚಿದೆ. ಇಂಥಾ ಮುಂದಾಲೋಚನಿ ನನಗ ಜನ್ಮದಾಗ ಬಂದಿರಲಿಲ್ಲ.

ನಂಬರ್ ಹೊಡದೆ. ಕರೇ ಪಡದೆ ಮ್ಯಾಲ ಒಂದೊಂದ ಹಸರು ಅಕ್ಷರ ಮೂಡಿ, ನನ್ನ ಹೆಸರು ಕೇಳ್ತು. ಹೇಳಿದೆ. ಗುಪ್ತಪದ ಕೇಳ್ತು. ಕೊಟ್ಟೆ. 'ಸ್ವಾಗತ' ಅಂತು. ನನ್ನ ಕಣ್ಣಾಗ ನೀರು ಬಂದ್ವು. ಗುಜರಿಗೆ ಹೋದ ಜೀವ ಇಂಟರ್ನೆಟ್ ಮುಟ್ಟಿತ್ತು!

ಮುಟ್ಟಿ ಅಲ್ಲೇ ನಿಂತುಬಿಟ್ತು. ಯಾವ ಕೀ ಒತ್ತಿದ್ರೂ ಅಲಗಾಡಲಿಲ್ಲ. ಇರಲಿ, ದರ್ಶನ ಆತಲ್ಲ, ಅಂತ ಎಮ್ಯುಲೇಟರ್ ಬಂದ್ ಮಾಡಿ, ಕಂಪ್ಯೂಟರನ್ನೂ ಆರಿಸಿದೆ. ಆಮ್ಯಾಲ ಕುರ್ಚಿ ಎಳಕೊಂಡು ಫೋನಿನ ಬಾಜೂಕ ಕುಂತೆ, ಫೋನ್ ಕಾಯಾಕ.

ಹತ್ತಾತು. ಹನ್ನೊಂದಾತು. ಕಮಲಾಬಾಯಿ ಥಾಲಿಪೀಟ ಮಾಡ್ಕೊಂಡು ಬಂದು ಎದುರಿಗೆ ಕುಂತ್ರು. ಶೋಭಾ ಒಂದು ಪತ್ರಿಕೆ ಹಿಡಕೊಂಡು ಕುಂತ್ಲು. ಒಂದ ಪುಟ ತೆರದದ್ದು ತೆರದಂಗ ಇತ್ತು.

"ಫೋನ್ ಸರಿ ಐತೇನ ನೋಡೂಣೇನ್ರಿ?" ಅಂತ ಕಮಲಾಬಾಯಿ ರಿಸೀವರಿಗೆ ಕೈ ಹಾಕಿದ್ರು.

"ಎತ್ತಬ್ಯಾಡ್ರಿ!" ಅಂತ ನಾನು ಅವರ ಕೈ ತಡದೆ. "ನಾವು ಎತ್ತಿದಾಗನ ಅವರು ಹಚ್ಚಿದ್ರ? ಎಂಗೇಜ್ ಬರ್ತದ."

"ಖರೇರಿ," ಅಂದ್ರು ಆ ಸಾಧ್ವಿ. "ನೀವು ಇದ್ದದ್ದು ಚಲೋ ಆತು ನೋಡ್ರಿ."

ಹನ್ನೆರಡು ಹೊಡೀತು. ಗಡಿಯಾರ ಮುಂದ ಇರಬೇಕು ಅಂದೆ. ಅರ್ಧಾ ತಾಸು ಆದಮ್ಯಾಲ ಅದನ್ನೂ ಅನ್ನಾಕ ಬರಲಿಲ್ಲ. ಶೋಭಾ ಪತ್ರಿಕೆ ಮಡಚಿ ಎದ್ಲು.

"ನಡಿ ಅವ್ವಾ, ಅಡಗಿ ಮಾಡೂಣು. ಉಪಾಸ ಕುಂತ್ರ ಅವರೇನು ಹೂಂ ಅಂತಾರ?" ಅಂದ್ಲು. ನಗಾಕ ನೋಡಿದ್ಲು, ಆಗಲಿಲ್ಲ. ಅವ್ವ ಮಗಳು ಹೋದ ಮ್ಯಾಲ ನನಗ ಆ ಖಾನಾಪುರದವರ ಮ್ಯಾಲ ಭಾಳ ಸಿಟ್ಟು ಬಂತು. ಎಂಥಾ ಕಲ್ಲ ಮನಸಿನ ಮಂದಿ ಅಂತ ಬೈದೆ.

ವಿಮಲಾ ನಿಟ್ಟುಸಿರು ಬಿಟ್ಟು, ತವರಮನಿಗಾದ್ರೂ ಮಾತಾಡೂಣು ಅಂತ ರಿಸೀವರ್ ಎತ್ತಿದ್ಲು. ಕಿವಿಯಿಂದ ಗಪ್ಪನ ದೂರ ಹಿಡದು ನನ್ನ ಕಡೆ ನೋಡಿದ್ಲು. ಅದರೊಳಗಿಂದ ಶರ್ರ್ ಅಂತ ಸಪ್ಪಳ ಬರ್ತಿತ್ತು. ಆಮ್ಯಾಲ ಆಕಿ ನೇರ ಹೋಗಿ ಕ್ರೋಶಾ ಬಟ್ಟಿ ಎತ್ತಿದ್ಲು. ಕೆಳಗ ಮೊಡೆಮ್ಮಿನ ಕೆಂಪು ದೀಪ ಸಾಲಾಗಿ ಉರೀತಿದ್ವು. ಎಮ್ಯುಲೇಟರ್ ಹೋಗಿತ್ತು, ಕಂಪ್ಯೂಟರ್ ಹೋಗಿತ್ತು, ಬ್ಯಾರೆ ಪ್ಲಗ್ಗಿನ ಮೊಡೆಮ್ಮು ಮಾತ್ರ ಫೋನ್ ಲೈನ್ ಕಚ್ಚಿಕೊಂಡು ಕುಂತಿತ್ತು. ಮೂರು ತಾಸಿನ ಮ್ಯಾಲ ನಾನು ಸತ್ತ ಫೋನಿಗೆ ಪಹರೆ ಕೊಟ್ಟಿದ್ದೆ.

"ಸ್ಕೂಟರ್ ತೆಗೀರಿ," ಅಂದ್ಲು ವಿಮಲಾ.

"ಈಗ ಫೋನ್ ಮಾಡಿದ್ರ..."

"ಹೆಣ್ಣಿನ ಕಡೆಯವರು ಫೋನ್ ಮಾಡಿದ್ರ ಗಂಟು ಬಿದ್ದಂಗ ಆಗ್ತದ. ತಪ್ಪು ನಿಮ್ದು, ಹೋಗಿ ಕಾಲ ಬೀಳ್ರಿ. ನಾನೂ ಬರ್ತೇನಿ. ನಿಮ್ಮನೊಬ್ಬರನ್ನ ಬಿಟ್ರ ಅಲ್ಲೂ ಕಂಪ್ಯೂಟರ್ ಪಾಠ ಚಾಲೂ ಮಾಡ್ತೀರಿ."

ಪೀರನವಾಡಿ ದಾಟಿ ಖಾನಾಪುರ ಮುಟ್ಟಿದ್ವಿ.

ಹುಡುಗನ ಅಪ್ಪ ಗುಂಜಿ ಸ್ಟೇಶನ್ನಿನ್ಯಾಗ ನೌಕರಿ ಮಾಡಿ ರಿಟೈರ್ ಆದವರು. ಪಡಸಾಲ್ಯಾಗ ಕುಂತಿದ್ರು. ಮುಖ ಬಿಗದಿತ್ತು.

"ಮುಂಜಾನಿಂದ ಹಚ್ಚೇ ಹಚ್ಚಿನ್ರಿ. ಬರೇ ಎಂಗೇಜು. ಅವರಿಗೆ ಮನಸ್ಸಿಲ್ಲ, ಅದಕ್ಕ ರಿಸೀವರ್ ತೆಗದಿಟ್ಟಾರ ಅಂತ ತಿಳಕೊಂಡ್ವಿ. ನಾ ರೇಲ್ವೇ ಮನಶ್ಯಾ. ಲೈನ್ ಕ್ಲಿಯರ್ ಸಿಗದ ಗಾಡಿ ಬಿಡಾವಲ್ಲ," ಅಂದ್ರು.

"ಅವರದೇನೂ ತಪ್ಪಿಲ್ರಿ," ಅಂತ ನಾನು ಕೈ ಜೋಡಿಸಿದೆ. "ಫೋನ್ ನಮ್ಮನ್ಯಾಂದು. ನಾನ ಇಂಟರ್ನೆಟ್ ಹಚ್ಚಿದ್ದೆ. ಹೊಸಾ ಕಂಪ್ಯೂಟರ್ ಹಳೇದರ ಹಂಗ ನಟಿಸೋ ವ್ಯವಸ್ಥಾ ಮಾಡಿ, ಆ ಹಳೇದನ್ನ ಇಂಟರ್ನೆಟ್ಟಿಗೆ ಜೋಡಿಸಿ..."

ಅವರು ಚಶ್ಮಾ ತೆಗದು, ಒರಸಿ, ಮತ್ತ ಹಾಕ್ಕೊಂಡ್ರು.

"ಕಶಾಲಾ?" ಅಂದ್ರು ಮರಾಠಿಯೊಳಗ. ನನಗ ತಿಳೀಲಿಲ್ಲ ಅನಕೊಂಡು ಕನ್ನಡದಾಗೂ ಕೇಳಿದ್ರು. "ಎದಕ್ಕ?"

ತಿಳದಿತ್ತು. ಎರಡೂ ಭಾಷಾದಾಗ 'ತಪ್ಪಾತು' ಅಂದೆ.

ಒಳಗಿಂದ ಚಹಾ ತಂದ ಹುಡುಗ, "ಅಂದ್ರ ಶೋಭಾ ಅವರು ಬ್ಯಾಡ ಅಂದಿಲ್ಲ?" ಅಂತ ಕೇಳಿದ. ಚಹಾ ಕೊಡೂದ ಮರತಿದ್ದ.

"ಬ್ಯಾಡ ಅನ್ನೂದು ಎಲ್ಲಿಂದ ಬಂತಪಾ," ಅಂದ್ಲು ವಿಮಲಾ. "ಆ ಹುಡುಗಿ ಮುಂಜಾನಿಂದ ಊಟಾ ಬಿಟ್ಟು ಕುಂತಾಳ."

ಅಪ್ಪ ಮಗನ ಮುಖ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿದ್ರು.

"ಹುಡುಗಿ ಮನ್ಯಾಗ ಕಂಪ್ಯೂಟರ್ ಐತೇನ್ರಿ?"

"ಇಲ್ರಿ."

"ಹಂಗಾರ ಗಾಡಿ ಬಿಡೂಣು."

ಮದುವಿ ದಿನ ನಾನು ಉತ್ಸಾಹದಿಂದ ಮುಂಜಾನೆನ ಹೋಗಿ ನಿಂತೆ. ಮೈಕಿನ ಹಂತ್ಯಾಕ ಹೋದ್ರ ಶೋಭಾಳ ಸೋದರಮಾವ ಕೈ ಹಿಡದು ಹೊರಗ ತಂದ. ಕರೆಂಟಿನ ಬೋರ್ಡಿನ ಹಂತ್ಯಾಕ ಹೋದ್ರ ವಿಮಲಾ ಬಂದು ನಿಂತ್ಲು. ಕಡೀಕ ಕಮಲಾಬಾಯಿನ ಮನಸ್ಸು ಕರಗಿ, "ಮಾಸ್ತರ, ನೀವು ಬಾಗಲದಾಗ ಕುಂದರ್ರಿ. ಚಪ್ಪಲಿ ಕಾಯ್ರಿ," ಅಂದ್ರು.

ಈ ಸರ್ತಿ ಕಣ್ಣ ಪಿಳಕಿಸದ ಕಾಯ್ದೆ. ಎಲ್ಲಾರ ಚಪ್ಪಲಿನೂ ಸುರಕ್ಷಿತ ಇದ್ವು. ನಂದೊಂದ ಜೋಡಿ ಹೋತು.