ರಾಡಿ ಕಲಸಾಕ ಇಬ್ಬರು ಬೇಕು

ಇಂಥಾವು ನನಗೇ ಯಾಕ ಗಂಟು ಬೀಳ್ತಾವೋ ಗೊತ್ತಿಲ್ಲ. ಮಂದಿ ದಾರಿ ಹಿಡಿದು ಹೋದ್ರ ಊರು ಬರತೈತಿ. ನಾ ಹೋದ್ರ ಊರಿಗಿಂತ ಮೊದಲು ಒಂದು ನಗಿಪಾಟಲು ಎದುರು ಬರತೈತಿ.

ನಮ್ಮದು ಇಳಕಲ್ಲು, ನೇಕಾರ ಓಣಿ. ಮಾಸ್ತರ ಕುರ್ಚಿಗೆ ಸೀರಿಗೆ ಹಾಕೂ ಕೆಂಪು ಬಣ್ಣ ಸವರಿದ್ದಕ್ಕ ಏಳನೇತ್ತದಾಗೇ ನನ್ನ ಸಾಲಿ ಮುಗೀತು. ಮಗ್ಗದ ಮನ್ಯಾಗ ಕುಂಡ್ರಿಸಿದರು. ಇಳಕಲ್ಲ ಸೀರಿಗೆ ಸೆರಗು ಕೂಡಿಸಬೇಕಂದ್ರ ಇಬ್ಬರು ಎದರಾಬದರು ಕುಂತು ಎಳಿಗೆ ಎಳಿ ಕೊಂಡಿ ಹಾಕಬೇಕು. ಹಂಗ ಕುಂತಿದ್ದ ಇಬ್ಬರು ಹಿರಿಯರ ಧೋತರದ ಚುಂಗು ನಾ ಸಾವಕಾಶ ಗಂಟು ಹಾಕಿದೆ. ಊಟಕ್ಕ ಒಮ್ಮೆಲೇ ಎದ್ದರು, ಒಬ್ಬರು ಪೂರ್ವಕ್ಕ, ಒಬ್ಬರು ಪಶ್ಚಿಮಕ್ಕ. ಓಣಿಗೆ ಓಣಿಯೇ ನಕ್ಕಿತು, ನಮ್ಮಪ್ಪ ಒಬ್ಬ ನಗಲಿಲ್ಲ. ಹುನಗುಂದದ ದಾರ್ಯಾಗ ಗುರ್ತಿನ ಸಾವ್ಕಾರರೊಬ್ಬರ ಹೊಲ ಇತ್ತು. ಅಲ್ಲಿಗೆ ಆಳಾಗಿ ಕಳಿಸಿಬಿಟ್ಟ. ಅಲ್ಲಿ ಯಾರಿಗೆ ಕಾಡ್ತಿ ಕಾಡು ಅಂದ.

ಖರೆ, ಅಲ್ಲಿ ಕಾಡಾಕ ಯಾರೂ ಇರಲಿಲ್ಲ. ಒಂದು ಬಾವಿ, ಒಂದು ಕೋಲಿ, ಎಮ್ಮಿಗೋಳು, ಮತ್ತ ಸಾವ್ಕಾರ್ರು ಹೊಸದಾಗಿ ಕಟ್ಟಿಸಿದ ಗೋಬರ್ ಗ್ಯಾಸಿನ ಗುಂಡಿ. ಶೆಗಣಿಗೆ ಸಮ ನೀರು ಹಾಕಿ, ಕಡ್ಡಿ ಆರಿಸಿ, ಕುಂಡಿ ಅನ್ನೂ ಸಿಮೆಂಟ್ ತೊಟ್ಟ್ಯಾಗ ಗಂಟಿಲ್ಲದಂಗ ರಾಡಿ ಕಲಸಿ ಗುಂಡಿಗೆ ಬಿಟ್ರ, ಗ್ಯಾಸ್ ತುಂಬಿ ಗುಂಡಿ ಮ್ಯಾಲಿನ ಕಬ್ಬಿಣದ ಡ್ರಮ್ಮು ಮ್ಯಾಲೇಳತೈತಿ, ಒಲಿ ಉರೀತೈತಿ. ಗಂಟು ಉಳದ್ರ ಪೈಪ್ ಕಟ್ಟಿ ನನ್ನ ರೊಟ್ಟಿ ಹಸೇದ ಉಳೀತೈತಿ. ರಾಡಿ ಕಲಸೂದು ನನ್ನ ಕೆಲಸ.

ಕೆಲಸಕ್ಕ ನಾ ಅಂಜೂ ಪೈಕಿ ಅಲ್ಲ. ಆದ್ರ ಒಂದು ಚ್ಯಾಷ್ಟಿ ಮಾಡಿದ್ರ ನಗಾಕ ಒಬ್ಬ ಮನಿಷ್ಯಾ ಬೇಕಲ್ಲ. ಸಾವ್ಕಾರ್ರು ಮುಂಜಾನೆ ಒಮ್ಮೆ ಹುನಗುಂದದಿಂದ ಬಂದು, ಡ್ರಮ್ಮು ನೋಡಿ, ‘ಹೂಂ’ ಅಂದು ಹೋಗ್ತಿದ್ರು. ಸಂಜಿಮುಂದ ಬಂದು ತಾವೇ ಎಮ್ಮಿ ಹಿಂಡ್ತಿದ್ರು. ಆಗ ನನಗ ಕೊಟ್ಟಿಗಿ ಹತ್ರ ಬರಾಕ ಬಿಡ್ತಿರಲಿಲ್ಲ, ಎಮ್ಮಿ ಬೆದರ್ತಾವ ಅಂತ. ಅವರ ಬಾಯಾಗ ಹಲ್ಲು ಅದಾವೋ ಇಲ್ಲೋ ಅನ್ನೂದನ್ನ ನಾ ನೋಡಿರಲಿಲ್ಲ. ಕಡೀಕ ಎಮ್ಮಿಗೋಳ ಮುಂದ ಧೋತರದ ಕತಿ ಹೇಳಿದೆ. ಒಂದು ಎಮ್ಮಿ ಪೂರ್ತಿ ಕೇಳಿ, ನನ್ನ ಮುಖ ನೋಡಿ, ಬಾಲ ಎತ್ತಿ ಮರುದಿನದ ಕೆಲಸ ಹಾಕಿತು.

೧. ಎರಡು ಕಾಲು

ಮೊದಲು ನಾ ಕಾಲಿಲೇ ತುಳದು ಕಲಸ್ತಿದ್ದೆ. ಒಂದಿನ ಗೋಬರ್ ಗ್ಯಾಸಿನ ಸಾಹೇಬ್ರು ತಪಾಸಣಿಗೆ ಬಂದ್ರು. ಪ್ಯಾಂಟು ಎತ್ತಿ ಹಿಡಕೊಂಡು, ಮೂಗಿಗೆ ಕರವಸ್ತ್ರ ಹಿಡಕೊಂಡು, ಉಳಿದ ಕೈಲೆ ಬರಕೊಂತಿದ್ರು. ಎಷ್ಟು ಕೈ ಅದಾವ ಇವರಿಗೆ ಅಂತ ನಾ ನೋಡ್ತಾ ನಿಂತೆ.

ರಾಡಿ ಕಲಸಾಕ ಏನು ಸಾಧನ ಐತಿ ಅಂತ ಕೇಳಿದರು.

“ಎರಡು ಅದಾವ್ರಿ,” ಅಂದೆ. “ಒಂದು ಎಡಗಡಿದು, ಒಂದು ಬಲಗಡಿದು.”

ಬರಕೊಂಡ್ರು. ಎಷ್ಟು ಅಶ್ವಶಕ್ತಿ ಅಂದರು.

“ಅದು ರೊಟ್ಟಿ ಮ್ಯಾಲೆ ಐತ್ರಿ. ಚಟ್ನಿ ಇದ್ದ ದಿನ ಒಂದೀಟು ಜಾಸ್ತಿ.”

ಅದನ್ನೂ ಅರ್ಧ ಬರದ ಮ್ಯಾಲೆ ಅವರ ಕಣ್ಣು ನನ್ನ ಮೊಣಕಾಲಿಗೆ ಬಂತು. ಸಾವ್ಕಾರ್ರ ಕಡೆ ತಿರುಗಿ, ಕಾಲಿಲೇ ಕಲಸಿದ್ರ ಗಂಟು ಉಳೀತಾವ, ಒಂದು ಚೊಲೋ ಮಿಕ್ಸರ್ ಆರಿಸಿ ತೊಗೋರಿ ಅಂತ ಉಪದೇಶ ಮಾಡಿದರು. ಇದೇ ಹೊತ್ತು ಅಂತ ನಾನೂ ಒಂದು ಮಾತು ಒಗದೆ: ಮಿಕ್ಸರ್ ಯಾಕ್ರಿ, ಇನ್ನೊಂದು ಆಳು ತೊಗೋರಿ, ಒಬ್ಬ ತುಳದ್ರ ಒಬ್ಬ ಕಡ್ಡಿ ಆರಿಸ್ತಾನ.

“ಒಬ್ಬನ ಕೆಲಸಕ್ಕ ಇಬ್ಬರು ಯಾಕಲೇ?” ಅಂದರು ಸಾವ್ಕಾರ್ರು.

ಯಾಕಂದ್ರ ಮಾತಾಡಾಕ ಅಂತ ಹೇಳಾಕ ಬಾಯಿ ಬರಲಿಲ್ಲ. ಇಲ್ಲಂದ್ರ ನನ್ನ ಬಾಯಿ ಎಲ್ಲದಕ್ಕೂ ಬರತೈತಿ. ಸಾಹೇಬ್ರು ಹೋಗುಮುಂದ ನನ್ನ ಕಾಲು ಇನ್ನೊಮ್ಮೆ ನೋಡಿ, ಈ ಸಾಧನ ಹಳೇದಾಗೇತಿ, ಬದಲಿ ಮಾಡ್ರಿ ಅಂತ ಹೇಳಿ ಹೋದರು.

೨. ಅವ್ವನ ಕಡಗೋಲು

ಸಾವ್ಕಾರ್ರು ಆರಿಸಿದ ಮೊದಲನೇ ಮಿಕ್ಸರ್ ಅವರ ಮನ್ಯಾಗೇ ಸಿಕ್ಕಿತು. ಅವರ ಅವ್ವ ಹಬ್ಬಕ್ಕ, ಮದಿವಿಗೆ ಮಜ್ಜಿಗಿ ಕಡಿಯೂ ದೊಡ್ಡ ಕಡಗೋಲು. ಆಕಿಗೆ ಹೇಳದೇ ಟಾವೆಲ್ಲಿನ್ಯಾಗ ಸುತ್ತಿ ತಂದರು. ನೆಟ್ಟ ಕಂಬಕ್ಕ ಕಟ್ಟಿ, ಹಗ್ಗ ಹಾಕಿ, ಎಳಿ ಅಂದರು. ಎಳದೆ. ಖರೆ ಹೇಳಬೇಕಂದ್ರ ರಾಡಿ ಭಾಳ ಚೊಲೋ ಕಲಸ್ತಿತ್ತು.

ಒಂದಿನ ದಾರಿಗುಂಟ ಒಬ್ಬ ಕುರುಬರ ಮುತ್ಯಾ ಕುರಿ ಹೊಡಕೊಂಡು ಹೊಂಟಿದ್ದ, ಬಂಡಾರ ಹಚ್ಚಿದ ಹಣಿ, ಹೆಗಲ ಮ್ಯಾಲೆ ಕಂಬಳಿ. ದೂರದಿಂದ ಕಡಗೋಲು ಆಡೂದು ಕಂಡು ತಂಬಿಗಿ ಹಿಡಕೊಂಡು ಬಂದ. ಬಿಸಲಾಗ ಬಂದೀನಿ ತಮ್ಮಾ, ಒಂದೀಟು ಮಜ್ಜಿಗಿ ಹಾಕು ಅಂದ.

ಬಿಡ್ತೇನಾ? ಮುಖ ಗಂಭೀರ ಮಾಡಿ, “ಬರ್ರಿ, ಈಗರ ಕಡದೇನಿ. ಸ್ವಲ್ಪ ದಪ್ಪ ಆಗೇತಿ, ನೋಡ್ರಿ,” ಅಂದೆ.

ಮುತ್ಯಾ ಬಗ್ಗಿ ಕುಂಡ್ಯಾಗ ನೋಡಿದ. ನನ್ನ ನೋಡಿದ. ಮತ್ತ ಕುಂಡ್ಯಾಗ ನೋಡಿದ. ಕಣ್ಣು ಸುದ್ದಾ ಮಿಟುಕಿಸದೇ ಹೇಳಿದ: “ಇನ್ನೂ ಬೆಣ್ಣಿ ಬಂದಿಲ್ಲಲ್ಲೋ. ಕಡಿ ಕಡಿ, ಬಂದ ಮ್ಯಾಲೆ ಮೊದಲ ಉಂಡಿ ನೀನೇ ತಿನ್ನು.”

ನಾ ನಗಾಕ ಹತ್ತಿದ್ದು ಹೊಟ್ಟಿ ಹಿಡಕೊಂಡು. ಮುತ್ಯಾ ಬಾವಿ ನೀರು ಕುಡದು, ಕುರಿ ನೆರಳಿಗೆ ಬಿಟ್ಟು, ಬಿಸಲು ಇಳಿಯೂತನಕ ನನ್ನ ಕೂಡ ಕುಂತ. ಆವತ್ತಿನಿಂದ ನಾ ದಿನಾ ಅದೇ ಹೊತ್ತಿಗೆ ಕಡಿಯಾಕ ನಿಂದರ್ತಿದ್ದೆ, ದಾರಿ ಕಡೆ ಮುಖ ಮಾಡಿ. ಆದ್ರ ಮುತ್ಯಾನ ಕುರಿ ಹಿಂಡು ಮೇವು ಇದ್ದ ಬ್ಯಾರೆ ಕಡೆ ಹೋಗಿಬಿಟ್ಟಿತ್ತು.

ಮುಂದ ಹಬ್ಬ ಬಂತು. ಅವ್ವ ಕಡಗೋಲು ಹುಡುಕ್ಯಾಡಿದಳು. ಸಾವ್ಕಾರ್ರು ರಾತ್ರೋರಾತ್ರಿ ಅದನ್ನ ಒಯ್ದು, ಹುಣಸಿಹಣ್ಣು ಹಚ್ಚಿ ತಿಕ್ಕಿ, ಬಿಸಿನೀರಾಗ ಕುದಿಸಿ ಇದ್ದಲ್ಲಿ ಇಟ್ಟರು. ಹಬ್ಬದ ಮಜ್ಜಿಗಿ ಭಾಳ ಚೊಲೋ ಆಗಿತ್ತಂತ ಎಲ್ಲಾರೂ ಹೊಗಳಿದರು. ಸಾವ್ಕಾರ್ರು ಒಬ್ಬರು ಮಾತ್ರ ಹೊಟ್ಟಿ ಸರಿ ಇಲ್ಲ ಅಂತ ಕುಡಿಯಲಿಲ್ಲ.

೩. ಊರು ಮುಳುಗೂತನಕ ಗ್ಯಾರಂಟಿ

ಕಡಗೋಲು ಹೋತು, ಹೊಸಾದು ಬೇಕಾತು. ಸಾವ್ಕಾರ್ರು ನನ್ನ ಕರಕೊಂಡು ಬಸ್ಸಿನ್ಯಾಗ ಬಾಗಲಕೋಟಿಗೆ ಹೋದರು. ದಾರಿತುಂಬ ಒಂದು ಮಾತಿಲ್ಲ. ಆದ್ರೂ ನನಗ ಜಾತ್ರಿಗೆ ಹೊಂಟಂಗ ಇತ್ತು, ಬಸ್ ತುಂಬ ಮಂದಿ.

ಅಂಗಡಿಯವರು ಮೊದಲು ಕರೆಂಟಿನ ಮಿಷನ್ ತೋರಿಸಿದರು. ಇದು ತೊಗೊಂಡ್ರ ಆಳೇ ಬ್ಯಾಡ ಅಂದರು. ಇಬ್ಬರಾಗೂದು ಇರ್ಲಿ, ಇದ್ದೊಬ್ಬನೂ ಹೋಗೂ ಹಂಗಾತು. ಅಪ್ಪ ಅಂತೂ ಮತ್ತ ಮಗ್ಗಕ್ಕ ಕೂಡಿಸೂದಿಲ್ಲ.

“ಕರೆಂಟ್ ಹೋದ್ರ ಇದು ಏನ್ ಮಾಡತೈತ್ರಿ?” ಅಂದೆ.

“ನಿಂದರತೈತಿ.”

“ಹಂಗ ಸುಮ್ಮನ ನಿಂದ್ರಾಕ ನಾನೂ ಬರ್ತೇನ್ರಿ, ಅದಕ್ಕ ವೈರು ಬ್ಯಾಡ.”

ನಮ್ಮ ಕಡೆ ಕರೆಂಟ್ ನೆಂಟರ ಹಂಗ, ಬಂದ್ರ ಬಂತು. ಸಾವ್ಕಾರ್ರು ಅದನ್ನ ಬಿಟ್ಟರು. ಆಮ್ಯಾಲೆ ಒಂದೇ ಹಿಡಿಕಿ ಇರೂ ಕೈಮಿಷನ್ ತೋರಿಸಿದರು, ಡ್ರಮ್ಮಿನ್ಯಾಗ ಕೆಮ್ಮಣ್ಣು, ನೀರು ಹಾಕಿ ತಿರುವಿದರು. ಬೆಣ್ಣಿ ಹಂಗ ತಿರಗಿತು. ಒಬ್ಬ ಆಳು ಸಾಕು ಅಂದರು. ಸಾವ್ಕಾರ್ರ ಕೈ ಆಗಲೇ ಅಂಗಿ ಒಳಗಿನ ಕಿಸೆಕ್ಕ ಹೊಂಟಿತ್ತು.

ಅಂಗಡಿ ಮುಂದ ಒಂದು ಚಕ್ಕಡಿ ನಿಂತಿತ್ತು, ಎತ್ತು ಆಗ ತಾನೇ ತನ್ನ ಪಾಲು ಹಾಕಿತ್ತು. ಮಣ್ಣು ನಮ್ಮ ಕಡೆನೂ ಐತ್ರಿ, ಖರೇ ಮಾಲು ಹಾಕಿ ತೋರಸ್ರಿ ಅಂದೆ. ಗಿರಾಕಿ ಹೋದೀತು ಅಂತ ಅಂಗಡಿಯವರು ಅದಕ್ಕೂ ತಯಾರಾದರು. ಎರಡು ಸುತ್ತು ತಿರುಗಿತು. ಶೆಗಣ್ಯಾಗಿನ ಕಣಕಿ ಕಡ್ಡಿ ಎಲ್ಲಾ ಹೋಗಿ ರೆಕ್ಕಿಗೆ ಸುತ್ತಿಕೊಂಡವು. ಹಿಡಿಕಿ ಗಪ್ಪನ ನಿಂತಿತು. ಅವರು ಜೋರು ಮಾಡಿ ಎಳದರು, ಮಿಷನ್ ಒಮ್ಮೆ ಹಾರಿತು. ಅವರ ಬಿಳಿ ಧೋತರ, ಗಲ್ಲಾಪೆಟ್ಟಿಗಿ, ಮೀಸಿ, ಎಲ್ಲಾ ಒಂದೇ ಬಣ್ಣ ಆತು.

“ಮಿಷನ್ ಚೊಲೋ ಐತ್ರಿ,” ಅಂದೆ. “ಒಂದು ಹನಿ ನೆಲಕ್ಕ ಬಿದ್ದಿಲ್ಲ.”

ಸಾವ್ಕಾರ್ರು ನನ್ನ ರಟ್ಟಿ ಹಿಡದು ಎಳಕೊಂಡು ಹೊಂಟರು. ಅಂಗಡಿಯವರು ಬೆನ್ನು ಹತ್ತಿದರು, ಕಮ್ಮಿ ಮಾಡ್ತೀನಿ ಬರ್ರಿ ಅಂತ. ಗ್ಯಾರಂಟಿ ಎಷ್ಟು ಅಂದರು ಸಾವ್ಕಾರ್ರು. ಆ ಊರು ನದಿ ನೀರಾಗ ಮುಳುಗತೈತಿ ಅಂತ ಮಂದಿ ವರ್ಷಾನುಗಟ್ಟಲೆ ಹೇಳಾಕ ಹತ್ಯಾರ. ಅಂಗಡಿಯವರು ಮೀಸಿ ಒರಿಸಿಕೊಂತ ಹೇಳಿದರು: “ಊರು ಮುಳುಗೂತನಕ ಗ್ಯಾರಂಟಿ. ಆಮ್ಯಾಲೆ ನೀವೇ ಈಜಿಕೊಂತ ಬರ್ರಿ.”

೪. ಎಲ್ಲಿಗೂ ಹೋಗದ ಸೈಕಲ್ಲು

ಹುನಗುಂದದಾಗ ಒಬ್ಬ ಸೈಕಲ್ ಅಂಗಡಿ ಚಾಚಾ ಇದ್ದ, ಮುರದದ್ದು ಏನು ಕೊಟ್ರೂ ಕೂಡಿಸಿ ಕೊಡ್ತಿದ್ದ. ಸಾವ್ಕಾರ್ರು ಅವನ ಕಡೆ ಹೋದರು. ಆತ ಒಂದು ಹಳೇ ಸೈಕಲ್ಲಿನ ಹಿಂದಿನ ಗಾಲಿ ಬಿಚ್ಚಿ, ಚೈನಿಗೆ ರೆಕ್ಕಿ ಜೋಡಿಸಿ, ಕುಂಡಿ ಬಾಜೂಕ ನೆಟ್ಟು ಕೊಟ್ಟ. ಕುಂತು ತುಳದ್ರ ರಾಡಿ ಕಲಸತೈತಿ. ಗಂಟಿ ಇತ್ತು, ಬ್ರೇಕ್ ಇತ್ತು, ಹೋಗೂದೊಂದು ಇರಲಿಲ್ಲ.

ಸೈಕಲ್ಲಿನ ಮುಖ ಇಳಕಲ್ಲ ಕಡೆ ಇತ್ತು. ದಿನಾ ಮುಂಜಾನೆ ಇಳಕಲ್ಲು ಮುಟ್ಟಿ ವಾಪಸ್ ಬರೂವಷ್ಟು ತುಳೀತಿದ್ದೆ. ಕಣ್ಣು ಮುಚ್ಚಿದ್ರ ಮಗ್ಗದ ಸಪ್ಪಳ ಸುದ್ದಾ ಕೇಳತಿತ್ತು. ಇಳದು ನೋಡಿದ್ರ ಅದೇ ಕುಂಡಿ. ಇಳಕಲ್ ಬಸ್ ಹೋಗುಮುಂದ ಗಂಟಿ ಹೊಡದು ಕೈ ಮಾಡ್ತಿದ್ದೆ. ಕಂಡಕ್ಟರ್ ಬಾಗಲಾಗ ನಿಂತು, ಜಲ್ದಿ ಬಾರಲೇ, ಬಸ್ಸಿಗಿಂತ ನೀ ಹಿಂದ ಬಿದ್ದಿ ಅಂತ ಒದರತಿದ್ದ. ನೀವು ಮುಂದ ನಡೀರಿ, ನಾ ಸಾವಕಾಶ ಬರ್ತೇನಿ ಅಂತಿದ್ದೆ. ಆ ಒಂದು ಮಾತಿಗೆ ದಿನಾ ಕಾಯ್ತಿದ್ದೆ.

ಒಂದಿನ ಬಸ್ ಹೋದ ಮ್ಯಾಲೆ, ಏನೋ ಹುರುಪು ಬಂದು, ನಿಂತು ತುಳದೆ. ರೆಕ್ಕಿಗೆ ಕಣಕಿ ಸಿಕ್ಕಿತು, ಚೈನು ಹಿಡಕೊಂಡು ಮುರೀತು, ನಾ ಹ್ಯಾಂಡಲ್ ದಾಟಿ, ಗಾಳ್ಯಾಗ ಒಂದು ಪಲ್ಟಿ ಹೊಡದು, ತಲಿ ಕೆಳಗಾಗಿ ಕುಂಡ್ಯಾಗ ಬಿದ್ದೆ. ಎರಡು ಕಾಲಷ್ಟೇ ಮ್ಯಾಲೆ. ಸಾಹೇಬ್ರು ಹಳೇದು ಅಂದಿದ್ದ ಅದೇ ಎರಡು ಕಾಲು.

ಎದ್ದು ಕಣ್ಣು ಒರಿಸಿಕೊಂಡು ಸುತ್ತ ನೋಡಿದೆ. ದಾರಿ ಖಾಲಿ. ಹೊಲ ಖಾಲಿ. ಎಮ್ಮಿಗೋಳು ಸುದ್ದಾ ಆ ಕಡೆ ಮುಖ ಮಾಡಿ ನಿಂತಿದ್ವು. ಜನ್ಮದಾಗ ಇಷ್ಟು ಚೊಲೋ ಬಿದ್ದಿರಲಿಲ್ಲ. ಇಳಕಲ್ಲಾಗ ಬಿದ್ದಿದ್ರ ವರ್ಷ ಪೂರ್ತಿ ಹೇಳ್ತಿದ್ರು. ಬಾವಿ ಕಡೆ ಹೋಗಿ ಮೈ ತೊಳಕೊಂಡೆ.

ಸಂಜಿಮುಂದ ಸಾವ್ಕಾರ್ರಿಗೆ ಎಲ್ಲಾ ಅಭಿನಯ ಮಾಡಿ ತೋರಿಸಿದೆ, ಪಲ್ಟಿ ಸಮೇತ. ಪೂರ್ತಿ ನೋಡಿದರು. ಆಮ್ಯಾಲೆ ಕೇಳಿದರು: “ಸೈಕಲ್ಲಿಗೆ ಏನೂ ಆಗಿಲ್ಲಲ್ಲ?”

೫. ಎರಡು ಹಿಡಿಕಿ

ಮುರದ ಚೈನು ತೊಗೊಂಡು ಚಾಚಾನ ಕಡೆ ನಾನೇ ಹೋದೆ. ಕಡ್ಡಿ ಸಿಗೂದೇ ರೋಗ ಚಾಚಾ, ಮಗ್ಗಕ್ಕ ಇರೂ ಹಣಿಗಿ ಹಂಗ ಹಲ್ಲು ಹಲ್ಲು ಕೂಡಿಸು, ಕಡ್ಡಿ ಅದರಾಗ ಸಿಗ್ಲಿ ಅಂದೆ. ಆತ ಗೋಣು ಹಾಕಿದ. ಆಮ್ಯಾಲೆ ನಾ ಸಣ್ಣ ದನಿಲೆ ಅಂದೆ, ಹಿಡಿಕಿ ಎರಡೂ ಕಡೆ ಇಡು. ಒಬ್ಬಗ ತಿರಗಬಾರದು.

ಚಾಚಾ ಕನ್ನಡಕದ ಮ್ಯಾಲಿಂದ ನನ್ನ ನೋಡಿದ. “ಅಲ್ಲಿ ಒಬ್ಬನೇ ಇರ್ತಿಯೇನೋ ಬೇಟಾ?”

ಹೂಂ ಅಂದೆ. ಆತ ಸುತ್ತಿಗಿ ಕೈಗೆ ತೊಗೊಂಡ. ಎತ್ತಾಕ ನಾಲ್ಕು ಮಂದಿ ಬೇಕು ಅನ್ನೂವಂಥಾ ಒಂದು ಹಲ್ಲಿನ ಉರುಳಿ ಮಾಡಿದ, ಎರಡು ತುದಿಗೆ ಎರಡು ಹಿಡಿಕಿ. ಕುಂಡಿ ಮ್ಯಾಲೆ ಕೂಡಿಸಿದ್ವಿ. ಸಾವ್ಕಾರ್ರು ಒಂದು ಕಡೆ ಹಿಡದು ಎಳದು ನೋಡಿದರು, ಅಲುಗಲಿಲ್ಲ.

“ಇದಕ್ಕ ಇಬ್ಬರು ಬೇಕಲ್ಲೋ.”

“ಹೌದ್ರಿ,” ಅಂದೆ, ಭಾಳ ದುಃಖ ಆದವರ ಹಂಗ.

ಆ ರಾತ್ರಿ ನನಗ ನಿದ್ದಿ ಬರಲಿಲ್ಲ. ಬರೂ ಆಳು ನನ್ನ ವಾರಿಗೆ ಹುಡುಗ ಇದ್ದಾನು. ಮೊದಲ ದಿನ ಯಾವ ಕತಿ ಹೇಳಬೇಕು, ಯಾವುದನ್ನ ಹಿಡದು ಇಟ್ಟುಕೋಬೇಕು ಅಂತ ಎಲ್ಲಾ ಜೋಡಿಸಿ ಇಟ್ಟೆ.

ಮುಂಜಾನೆ ಧೋತರ ಮ್ಯಾಲೆ ಕಟ್ಟಿ ಎದುರು ಹಿಡಿಕಿಗೆ ಬಂದು ನಿಂತವರು ಸಾವ್ಕಾರ್ರು.

“ಹೂಂ,” ಅಂದರು. “ತಿರುವು.”

ಇಡೀ ತಾಲೂಕಿನ್ಯಾಗ ನಗದೇ ಇರೂ ಮನಿಷ್ಯಾ ಒಬ್ಬ ಇದ್ದ, ಅವನೇ ನನ್ನ ಪಾಲಿಗೆ ಬಂದ. ತಿರುವಿದೆ. ಧೋತರದ ಕತಿ ಹೇಳಿದೆ. ಮುತ್ಯಾನ ಬೆಣ್ಣಿ ಕತಿ ಹೇಳಿದೆ. ದಿನಕ್ಕೊಂದು ಹೇಳಿದೆ. ರಾಡಿ ಮಾತ್ರ ಹದ ಆಗ್ತಿತ್ತು, ಡ್ರಮ್ಮು ಮ್ಯಾಲೇಳತಿತ್ತು, ಅವರ ಮುಖದಾಗ ಏನೂ ಏಳತಿರಲಿಲ್ಲ. ಕತಿ ಎಲ್ಲಾ ಮುಗದ ದಿನ ನಾನೂ ಸುಮ್ಮನಾದೆ. ಉರುಳಿ ಸಪ್ಪಳ ಒಂದೇ.

ಆಗ ಸಾವ್ಕಾರ್ರು, ರಾಡಿ ನೋಡಿಕೊಂತ, ತಾವಾಗೇ ಮಾತು ತೆಗದರು.

“ಆ ಹಬ್ಬದ ದಿನ ಗ್ಯಾಸಿನ ಸಾಹೇಬ್ರು ನಮ್ಮ ಮನಿಗೆ ಊಟಕ್ಕ ಬಂದಿದ್ರು.”

ನನ್ನ ಕೈ ನಿಂತಿತು. ತಿರುವಲೇ ಅಂದರು. ತಿರುವಿದೆ.

“ಮಜ್ಜಿಗಿ ಕುಡದ್ರು. ಮತ್ತೊಂದು ಗ್ಲಾಸು ಹಾಕಿಸಿಕೊಂಡ್ರು. ಇನ್ನೊಂದು ಹಾಕಿಸಿಕೊಂಡ್ರು. ಒಂದು ಗಂಟಿಲ್ಲ ನೋಡ್ರಿ, ಹೆಂಗ ಮಾಡೀರಿ ಅಂತ ನನ್ನೇ ಕೇಳಿದ್ರು.”

“ನೀವೇನಂದ್ರಿ?”

“ನೀವು ಹೇಳಿದಂಗೇ ಚೊಲೋ ಮಿಕ್ಸರ್ ಆರಿಸೀವ್ರಿ ಅಂದೆ.”

ಸಾವ್ಕಾರ್ರ ಹೆಗಲು ಅಲುಗಿತು. ಏನೋ ಎದಿನೋವು ಬಂತೇನೋ ಅಂತ ನಾ ಅಂಜಿದೆ. ಆಮ್ಯಾಲೆ ಹಲ್ಲು ಕಂಡವು, ಅದಾವಪಾ ಹಲ್ಲು. ಹೊಟ್ಟಿ ಹಿಡಕೊಳ್ಳಾಕ ಹೋಗಿ ಹಿಡಿಕಿ ಬಿಟ್ಟರು, ನಾನೂ ಬಿಟ್ಟೆ, ಉರುಳಿ ಉಲ್ಟಾ ತಿರುಗಿ ಇಬ್ಬರಿಗೂ ಮುಖ ತುಂಬ ಎರಚಿತು. ಮೀಸಿ ಎಲ್ಲಿ, ಬಾಯಿ ಎಲ್ಲಿ ಗೊತ್ತಾಗದಂಗ ನೆಲಕ್ಕ ಕುಂತು ನಕ್ಕರು. ನಾ ಕುಂಡಿ ದಂಡಿ ಹಿಡಕೊಂಡು ನಕ್ಕೆ.

ನಗು ಇಳದ ಮ್ಯಾಲೆ ಧೋತರದ ಚುಂಗಿಲೆ ಮುಖ ಒರಿಸಿಕೊಂಡು, ಇದನ್ನ ಎಲ್ಲೂ ಬಾಯಿ ಬಿಡಬ್ಯಾಡ, ಅವ್ವಗ ಗೊತ್ತಾದ್ರ ಕಡಗೋಲಿಲೇ ಹೊಡೀತಾಳ ಅಂದರು.

“ಯಾರ ಮುಂದ ಹೇಳ್ಲಿ ಸಾವ್ಕಾರ್ರ? ಇಲ್ಲಿ ಎಮ್ಮಿ ಬಿಟ್ರ ಯಾರದಾರ?”

ಸಾವ್ಕಾರ್ರು ಕೊಟ್ಟಿಗಿ ಕಡೆ ಒಮ್ಮೆ ನೋಡಿ, ಎದ್ದು ಮತ್ತ ಹಿಡಿಕಿ ಹಿಡದರು.

“ಅವು ನಗೂದಿಲ್ಲೋ,” ಅಂದರು. “ಹಿಂಡುಮುಂದ ದಿನಾ ಹೇಳಿ ನೋಡೀನಿ.”