ಕಡಲೆ ಕುಡಿಯ ಪಾಠ

ಅರ್ಧ ತಿಳಿದದ್ದನ್ನು ಪೂರಾ ತಿಳಿದವನ ಹಾಗೆ ಹೇಳುವ ಕಾಯಿಲೆ ನನಗೆ ಚಿಕ್ಕಂದಿನಿಂದಲೂ ಇದೆ. ಮನೆಯವರು ಹೇಗೋ ಸಹಿಸಿಕೊಂಡಿದ್ದರು. ಸರ್ಕಾರ ಮಾತ್ರ ನನ್ನನ್ನು ಗ್ರಾಮಸೇವಕನನ್ನಾಗಿ ಮಾಡಿ, ಸೈಕಲ್ ಹತ್ತಿಸಿ, ಅಜ್ಜಂಪುರದ ಸುತ್ತಲಿನ ಹಳ್ಳಿಗಳ ಮೇಲೆ ಬಿಟ್ಟುಬಿಟ್ಟಿತು. ಬೇಳೆಕಾಳು ತುಟ್ಟಿಯಾಗಿದ್ದ ಕಾಲ ಅದು. ನಮ್ಮ ಮನೆಯ ಸಾರಿನಲ್ಲೂ ಬೇಳೆಯನ್ನು ಹುಡುಕಬೇಕಾಗಿತ್ತು. ಕಾಳಿನ ಬೆಳೆ ಹೆಚ್ಚಿಸಿ, ಎಲ್ಲರ ಕೈಗೂ ಎಟುಕುವಂತೆ ಮಾಡಬೇಕೆಂದು ನಮಗೆ ಮೇಲಿನಿಂದ ಅಪ್ಪಣೆಯಾಯಿತು.

ಶಿವನಿಯ ರುದ್ರಪ್ಪನವರು ನನ್ನನ್ನು ನಂಬಿ, ತಮ್ಮ ಎರೆಹೊಲದಲ್ಲಿ ಅರ್ಧ ಎಕರೆ ಕಡಲೆಯನ್ನು ನಾನು ಹೇಳಿದಂತೆ ಬೆಳೆಯಲು ಒಪ್ಪಿದರು. ಬೀಜ, ಸಾಲು, ಅಂತರ ಎಲ್ಲವೂ ಇಲಾಖೆಯ ಕಾಗದದಲ್ಲಿದ್ದಂತೆಯೇ ನಡೆಯಿತು. ಗಿಡ ಗೇಣುದ್ದ ಬಂದಾಗ ನೋಡುತ್ತೇನೆ, ಪಕ್ಕದ ಹೊಲದಲ್ಲಿ ಅವರ ಅತ್ತಿಗೆ ಗೌರಮ್ಮನವರು ಪಲ್ಯಕ್ಕೆಂದು ಕಡಲೆಯ ಕುಡಿಗಳನ್ನು ಚಿವುಟಿ ಮಡಿಲು ತುಂಬಿಕೊಳ್ಳುತ್ತಿದ್ದಾರೆ. ಸೈಕಲ್ಲನ್ನು ಅಲ್ಲೇ ಕೆಡವಿ ಓಡಿದೆ. ಬದುವಿನ ಮೇಲೆ ನಿಂತು, ಎಳೆಗಿಡದ ತಲೆ ಕಿತ್ತರೆ ಅದು ಕಾಯಿ ಬಿಡುವುದು ಹೇಗೆಂದು ಕಾಲು ಗಂಟೆ ಭಾಷಣ ಮಾಡಿದೆ. ಇದು ಕಾಗದದಲ್ಲಿರಲಿಲ್ಲ, ಪೂರ್ತಿ ನನ್ನ ಸ್ವಂತದ್ದು.

ಗೌರಮ್ಮನವರು ಸಮಾಧಾನವಾಗಿ ಕೇಳಿಸಿಕೊಂಡರು. "ನಮ್ಮತ್ತೆ ಕಾಲದಿಂದ ಚಿವುಟ್ತಾ ಇದೀವಿ ಕಣಪ್ಪ. ನಿನಗೆ ಬೇಜಾರಾದ್ರೆ ನೀನಿದ್ದಾಗ ಚಿವುಟಲ್ಲ ಬಿಡು," ಎಂದರು. ರುದ್ರಪ್ಪನವರು ಮಾತ್ರ ಮನೆಮಂದಿಗೆಲ್ಲ ತಾಕೀತು ಮಾಡಿ, ಒಂದು ಕುಡಿಯನ್ನೂ ಮುಟ್ಟಗೊಡಲಿಲ್ಲ.

ನಮ್ಮ ಗಿಡಗಳು ನೆಟ್ಟಗೆ, ಉದ್ದಕ್ಕೆ ಬೆಳೆದವು. ನಾನೂ ಅವುಗಳಂತೆಯೇ ಬೀಗುತ್ತ ಓಡಾಡಿದೆ. ಗೌರಮ್ಮನವರ ಗಿಡಗಳು ಗಿಡ್ಡಗೆ ಕವಲೊಡೆದು ಪೊದೆಯಾಗಿ, ಕವಲುಕವಲಿಗೂ ಕಾಯಿ ಕಚ್ಚಿದವು. ಕಣದಲ್ಲಿ ಎರಡೂ ರಾಶಿಗಳು ಅಕ್ಕಪಕ್ಕ ಬಿದ್ದಾಗ ನಾನು ಸೈಕಲ್ಲಿನ ಚೈನು ಸರಿಮಾಡುವ ನೆಪದಲ್ಲಿ ಬಗ್ಗಿ ಕೂತೆ. ರುದ್ರಪ್ಪನವರು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. "ಹೊಟ್ಟು ಚೆನ್ನಾಗಿ ಬಂದೈತೆ ಸ್ವಾಮಿ, ದನಕ್ಕಾಯ್ತು," ಎಂದರು.

ಮನೆಗೆ ಬಂದು ಹೆಂಡತಿಯ ಮುಂದೆ ಸಂಕಟ ತೋಡಿಕೊಂಡೆ. ಆಗ ಗೊತ್ತಾಯಿತು: ಆ ಚಳಿಗಾಲವಿಡೀ ನಾನು ಎರಡೆರಡು ಸಲ ಹಾಕಿಸಿಕೊಂಡು ತಿಂದ ಸೊಪ್ಪಿನ ಪಲ್ಯ ಗೌರಮ್ಮನವರ ಹೊಲದ್ದೇ. ಅವರು ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೂ ಒಂದು ಹಿಡಿ ಕೊಟ್ಟು ಹೋಗುತ್ತಿದ್ದರಂತೆ. ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆಂದು ಇವಳಿಗೆ ಹೇಳಿಯೂ ಇದ್ದರಂತೆ.

"ನನಗ್ಯಾಕೆ ಹೇಳಲಿಲ್ಲ?" ಎಂದೆ.

"ನೀವು ಕೇಳಲಿಲ್ವಲ್ಲ," ಎಂದಳು.

ಮಾರನೆಯ ದಿನವೇ ಶಿವನಿಗೆ ಹೋಗಿ ಗೌರಮ್ಮನವರಲ್ಲಿ ತಪ್ಪೊಪ್ಪಿಕೊಂಡೆ. ಅವರು ನಗಲಿಲ್ಲ. ಹೂ ಬರುವ ಮುಂಚೆ ಚಿವುಟಬೇಕು, ಆಮೇಲೆ ಕೈಹಾಕಬಾರದು ಎಂದು ಎರಡೇ ಮಾತಿನಲ್ಲಿ ಪಾಠ ಮುಗಿಸಿದರು. ಮರುವರ್ಷ ರುದ್ರಪ್ಪನವರ ಹೊಲದಲ್ಲಿ ನಾನೇ ಬಗ್ಗಿ ಕುಡಿ ಚಿವುಟಿದೆ. ರಾಶಿ ಕಂಡು ಅವರ ಮುಖ ಅರಳಿತು. ಕಡೂರಿನ ಕಡೆಯ ಹಳ್ಳಿಗಳಲ್ಲೂ ಇದನ್ನು ಹೇಳಿ ಬಾ ಎಂದು ಮೇಲಧಿಕಾರಿಗಳು ನನ್ನನ್ನು ಕಳಿಸಿದರು.

ಅಲ್ಲಿ ನನ್ನ ಭಾಷಣ ಮುಗಿದ ಮೇಲೆ ಹಿರಿಯರೊಬ್ಬರು, "ಇದನ್ನ ಎಲ್ಲಿ ಕಲಿತ್ರಿ ಸ್ವಾಮಿ?" ಎಂದು ಕೇಳಿದರು. ಗೌರಮ್ಮನವರ ಹೆಸರು ನಾಲಗೆಯ ತುದಿಗೇ ಬಂದಿತ್ತು.

"ಟ್ರೈನಿಂಗಿನಲ್ಲಿ," ಎಂದುಬಿಟ್ಟೆ.